ಕೊಂಡದ್ದೆಲ್ಲ ನಮ್ಮದೇ?



ನಾನು ಮೂವತ್ತೊಂಬತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಕಾರಕೂನಿಕೆ ಮಾಡಿದವನು. ಓದಿದ್ದು ಮ್ಯಾಟ್ರಿಕ್‌ವರೆಗೆ ಮಾತ್ರ. ರಾಜಮಹಾರಾಜರ ಇತಿಹಾಸ ಹೇಳುವ ಯೋಗ್ಯತೆ ನನಗಿಲ್ಲ. ನನಗೆ ಗೊತ್ತಿರುವುದು ಲೆಜರಿನ ಇತಿಹಾಸ. ಯಾರ ಹೆಸರಿನಲ್ಲಿ ಏನು ಜಮೆ ಇದೆ, ಅದನ್ನು ತೆಗೆಯುವ ಅಧಿಕಾರ ಯಾರದು, ಅವರ ನಂತರ ಅದು ಯಾರಿಗೆ ಹೋಗುತ್ತದೆ, ಇಷ್ಟೇ. ಇವತ್ತು ಅದೇ ಕಣ್ಣಿನಿಂದ ಹಾಡು, ಸಿನಿಮಾ, ಆಟ ಇವುಗಳ ಒಡೆತನದ ಕಥೆಯನ್ನು ತಮ್ಮ ಮುಂದೆ ಇಡುತ್ತೇನೆ.

ಇದಕ್ಕೆ ಕಾರಣವಾದದ್ದು ನಮ್ಮ ಮನೆಯ ಒಂದು ಸಣ್ಣ ಪ್ರಸಂಗ. ಪುಣೆಯಲ್ಲಿರುವ ಮಗಳು ನಮ್ಮಿಬ್ಬರಿಗಾಗಿ ಮೊಬೈಲಿನಲ್ಲಿ ಒಂದು ಹಳೆಯ ಕನ್ನಡ ಭಕ್ತಿಚಿತ್ರವನ್ನು 120 ರೂಪಾಯಿ ಕೊಟ್ಟು ಕೊಂಡಳು. ಬಾಡಿಗೆಗೆ ಬೇರೆ ಗುಂಡಿ ಇತ್ತು, ಕೊಳ್ಳಲು ಬೇರೆ ಗುಂಡಿ ಇತ್ತು. ಅವಳು ಒತ್ತಿದ್ದು ಕೊಳ್ಳುವ ಗುಂಡಿಯನ್ನೇ. ಎರಡು ಸಲ ನೋಡಿದೆವು. ಶ್ರಾವಣದ ಒಂದು ಸೋಮವಾರ ಮೂರನೆಯ ಸಲ ನೋಡೋಣವೆಂದು ಮನೆಯವರು ಎದುರಿಗೆ ಬಂದು ಕೂತರು. ತೆರೆಯ ಮೇಲೆ ಬಂದ ಅಕ್ಷರ: ಈ ಚಿತ್ರ ಈಗ ಲಭ್ಯವಿಲ್ಲ.

ಮಗಳಿಗೆ ಫೋನು ಹಚ್ಚಿದೆ.

“ಅಪ್ಪಾ, ಅವರ ಕರಾರು ಮುಗದದ ಅಂತ.”

“ಅವರ ಕರಾರು ಮುಗದರ ನನ್ನ ಸಿನಿಮಾ ಯಾಕ ಹೋಗಬೇಕವ್ವಾ?”

“ಅದು ನಿಮ್ಮದಾಗಿರಲಿಲ್ಲ ಅಪ್ಪಾ. ನಾವು ಕೊಂಡಿದ್ದು ನೋಡೂ ಪರವಾನಗಿ ಅಷ್ಟ.”

ನಾನು ಫೋನು ಇಟ್ಟು ಸುಮ್ಮನೆ ಕೂತೆ. ನಮ್ಮ ಬ್ಯಾಂಕಿಗೆ ತೋಳನೂರಿನಿಂದಲೋ ನಾಗಣಸೂರಿನಿಂದಲೋ ಬಂದ ಒಬ್ಬ ರೈತನಿಗೆ ನಾನು “ಯಜಮಾನರೇ, ನಿಮ್ಮ ಠೇವಣಿ ಸದ್ಯ ಲಭ್ಯವಿಲ್ಲ” ಎಂದು ಹೇಳಿದ್ದರೆ ಆತ ಕೌಂಟರು ಹಾರಿ ಒಳಗೆ ಬರುತ್ತಿದ್ದ. ಬರಬೇಕಾದದ್ದೇ. ಹಾಗಾದರೆ 120 ರೂಪಾಯಿ ಕೊಟ್ಟ ನಾನು ಯಾಕೆ ಸುಮ್ಮನೆ ಕೂತೆ? ಈ ಪ್ರಶ್ನೆ ತಲೆಯಲ್ಲಿ ಹೊಕ್ಕಿತು, ಹೊರಗೆ ಬರಲಿಲ್ಲ.

ಮೊದಲಿಗೆ ಹಿಂದಕ್ಕೆ ಹೋಗೋಣ. ಸಿನಿಮಾ ಹುಟ್ಟಿದಾಗ ಅದನ್ನು ಮನೆಗೆ ತರುವ ಮಾತೇ ಇರಲಿಲ್ಲ. ನಾವು ಹುಡುಗರಾಗಿದ್ದಾಗ, ಅಂದರೆ 1960ರ ದಶಕದ ಕೊನೆಗೆ, ಜಾತ್ರೆಗೆ ತಂಬು ಟಾಕೀಸು ಬರುತ್ತಿತ್ತು. ತಗಡಿನ ಡಬ್ಬಿಯಲ್ಲಿ ರೀಲು, ಎಸ್.ಟಿ. ಬಸ್ಸಿನ ಮಾಳಿಗೆಯ ಮೇಲೆ ಅದರ ಪ್ರಯಾಣ. ನೆಲದ ಮೇಲೆ ಕೂತು ಒಂದು ದಿನ ಮರಾಠಿ, ಒಂದು ದಿನ ಹಿಂದಿ, ಅಪರೂಪಕ್ಕೆ ಕನ್ನಡ ನೋಡುತ್ತಿದ್ದೆವು. ನಾವು ಕೊಡುತ್ತಿದ್ದ ನಾಣ್ಯ ಕೂತ ಜಾಗದ್ದು, ಆ ಮೂರು ತಾಸಿನದು. ತಂಬಿನವನಿಗೂ ಆ ರೀಲು ಸ್ವಂತದ್ದಲ್ಲ. ಹಂಚಿಕೆದಾರನಿಂದ ಬಾಡಿಗೆಗೆ ತಂದದ್ದು, ವಾರ ಮುಗಿದೊಡನೆ ವಾಪಸು ಕಳಿಸಬೇಕು. ಯಾರಿಗೂ ಮೋಸವಿರಲಿಲ್ಲ, ಏಕೆಂದರೆ “ಕೊಳ್ಳಿ” ಎಂದು ಯಾರೂ ಹೇಳಿರಲಿಲ್ಲ.

ಆದರೆ ಹೀಗೆ ಎಲ್ಲ ಪ್ರತಿಗಳೂ ನಾಲ್ಕಾರು ಗೋಡೌನುಗಳಲ್ಲಿ ಮಾತ್ರ ಇದ್ದುದರ ಫಲ ಏನಾಯಿತು ನೋಡಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ. ನಮ್ಮ ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೋದಲ್ಲಿ. ಬಂಡವಾಳ ಹಾಕಿದವರು ಚಮನ್‌ಲಾಲ್ ಡೂಂಗಾಜಿ, ನಿರ್ದೇಶಕರು ವೈ.ವಿ. ರಾವ್. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬ ಅವರು ಸುಲೋಚನ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದುಕೊಟ್ಟರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಇಂದು ಆ ಚಿತ್ರದ ಒಂದು ಪ್ರತಿಯೂ ಎಲ್ಲಿಯೂ ಉಳಿದಿಲ್ಲ. ಸಿನಿಮಾದ ಮೇಲಿನ ಹಕ್ಕುಸ್ವಾಮ್ಯಕ್ಕೆ ಇಂದಿನ ಕಾನೂನಿನಲ್ಲಿರುವ ಅವಧಿ 60 ವರ್ಷ. ಯಾವ ಲೆಕ್ಕ ಹಿಡಿದರೂ ‘ಸತಿ ಸುಲೋಚನ’ದ ಅವಧಿ ಎಂದೋ ಮುಗಿದಿದೆ. ಅಂದರೆ ಇವತ್ತು ಅದು ನಮ್ಮ ನಿಮ್ಮ ಎಲ್ಲರ ಸೊತ್ತು. ಹಕ್ಕು ಎಲ್ಲರದೂ ಆಯಿತು, ವಸ್ತು ಯಾರ ಹತ್ತಿರವೂ ಇಲ್ಲ. ಖಾತೆ ಇದೆ, ಶಿಲ್ಕು ಸೊನ್ನೆ.

ದೇಶದ ಮೊದಲ ಮಾತಿನ ಚಿತ್ರ, 1931ರ ‘ಆಲಂ ಆರಾ’ದ ಗತಿಯೂ ಇದೇ. ಅದಕ್ಕೂ ಹಿಂದಿನ ಮೂಕಿಚಿತ್ರಗಳು ಸಾವಿರಕ್ಕೂ ಮಿಕ್ಕಿ ತಯಾರಾಗಿದ್ದವು, ಪೂರ್ತಿ ಉಳಿದವು ಬೆರಳೆಣಿಕೆ. ಆಗಿನ ರೀಲು ನೈಟ್ರೇಟಿನದು, ಬೆಂಕಿ ತಾಗಿದರೆ ಬಾಣದಂತೆ ಉರಿಯುವಂಥದು. ರೀಲಿನ ಲೇಪದಲ್ಲಿ ಬೆಳ್ಳಿಯೂ ಇರುತ್ತದೆ. ಓಡಿ ಮುಗಿದ ಚಿತ್ರವನ್ನು ಬೆಳ್ಳಿಗಾಗಿ ಮಾರಿದವರಿದ್ದಾರೆ. ಬಂಗಾರದ ಅಂಗಡಿಯಲ್ಲಿ ಅಜ್ಜಿಯ ವಂಕಿಯನ್ನು ಕರಗಿಸಿದ ಹಾಗೆ. 1964ರಲ್ಲಿ ಸರಕಾರ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ತೆರೆಯಿತು. ಅಲ್ಲಿದ್ದ ಪಿ.ಕೆ. ನಾಯರ್ ಎಂಬುವರು ಊರೂರು ಅಲೆದು, ಗೋಡೌನು, ಅಟ್ಟ ಹುಡುಕಿ ಹಳೆಯ ರೀಲು ಕೂಡಿಹಾಕಿದರು. ಫಾಳ್ಕೆಯವರ ಚಿತ್ರಗಳ ತುಣುಕು ಇಂದು ನೋಡಲು ಸಿಗುವುದು ಇಂಥವರ ದೆಸೆಯಿಂದ. ಆದರೂ 2003ರ ಜನವರಿಯಲ್ಲಿ ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋ ಆವರಣದ ಕೋಣೆಯೊಂದಕ್ಕೆ ಬೆಂಕಿ ಬಿದ್ದು ನೈಟ್ರೇಟ್ ರೀಲುಗಳ ದೊಡ್ಡ ರಾಶಿಯೇ ಭಸ್ಮವಾಯಿತು. ಒಂದೇ ಜಾಗದಲ್ಲಿಟ್ಟ ಗಂಟು ಎಷ್ಟು ಭದ್ರವಾಗಿದ್ದರೂ ಒಂದೇ ಗಂಟು.

ಹಾಡಿನ ಕಥೆ ಬೇರೆ. ಹಾಡು ಮೊದಲೇ ಮನೆಗೆ ಬಂತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿಯನ್ನು ತಟ್ಟೆಯ ಮೇಲೆ ಹಿಡಿದರು. ಆಮೇಲೆ ಎಚ್.ಎಂ.ವಿ. ನಾಯಿಯ ಚಿತ್ರದ ತಟ್ಟೆಗಳು ಊರಿನ ಗೌಡರ, ದೇಸಾಯರ, ಸಾವುಕಾರರ ವಾಡೆಗಳಿಗೆ ಬಂದವು. ಮರಾಠಿಯಲ್ಲಿ ತಬಕಡಿ ಅನ್ನುತ್ತಿದ್ದರು, ನಮ್ಮವರು ಪ್ಲೇಟು ಅನ್ನುತ್ತಿದ್ದರು. ಅರಗಿನಿಂದ ಮಾಡಿದ್ದು, ಕೈತಪ್ಪಿದರೆ ಹಪ್ಪಳ. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಅಷ್ಟರಲ್ಲೇ ರಾಗ ಮುಗಿಯಬೇಕು. ಮಲ್ಲಿಕಾರ್ಜುನ ಮನಸೂರರು ಹಾಗೆ ಹಾಡಿದರು. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳ ಮೇಲೆ ಇದ್ದ ಹೆಸರು ಗಾಂಧಾರಿ.

ಈ ಪ್ಲೇಟು ಶ್ರೀಮಂತರ ವಸ್ತು, ನಿಜ. ಆದರೆ ಕೊಂಡವನು ಅದರ ಯಜಮಾನ. ಮಗಳ ಮದುವೆಯಲ್ಲಿ ಬಳುವಳಿಯಾಗಿ ಕೊಡಬಹುದು, ಸಾಲ ತೀರಿಸಲು ಮಾರಬಹುದು, ಅಟ್ಟಕ್ಕೆ ಹಾಕಿ ಮರೆಯಬಹುದು. ಆ ಮರೆವೇ ಮುಂದೆ ಉಪಕಾರಕ್ಕೆ ಬಂತು. ಕಂಪನಿಯ ಅಚ್ಚು ಕಳೆದುಹೋದ ಎಷ್ಟೋ ಹಾಡುಗಳು ಇಂದು ಸಿಕ್ಕುತ್ತಿರುವುದು ಮುಂಬಯಿ, ಪುಣೆಯ ಹಳೆಸಾಮಾನಿನ ಬಜಾರಿನಲ್ಲಿ, ಯಾರದೋ ಅಟ್ಟದಿಂದ ಇಳಿದು ಬಂದ ತಟ್ಟೆಗಳಲ್ಲಿ. ಕೊಲ್ಹಾಪುರದ ಸಿನಿಮಾ ಸತ್ತಿತು, ಅದೇ ಕಾಲದ ಮೂರು ನಿಮಿಷದ ಹಾಡು ಬದುಕಿತು. ಸಾವಿರ ಮನೆಗಳಲ್ಲಿ ಸಾವಿರ ಯಜಮಾನರು ಇದ್ದುದೇ ಅದಕ್ಕೆ ಕಾರಣ.

ನಮ್ಮಂಥ ಬಡವರ ಕೈಗೆ ಒಡೆತನ ಬಂದದ್ದು ಕ್ಯಾಸೆಟ್ಟಿನಿಂದ. ಹಾಲೆಂಡಿನ ಫಿಲಿಪ್ಸ್ ಕಂಪನಿ ಅದನ್ನು ತೋರಿಸಿದ್ದು 1963ರಲ್ಲಿ, ನಮ್ಮ ಬೀದಿಗೆ ಬರಲು ಇಪ್ಪತ್ತು ವರ್ಷ ಬೇಕಾಯಿತು. 1983ರಲ್ಲಿ ಗುಲ್ಶನ್ ಕುಮಾರರ ಸೂಪರ್ ಕ್ಯಾಸೆಟ್ಸ್ ಶುರುವಾಯಿತು, ಬೆಲೆ ಇಳಿಯಿತು. ನಾನು ಆಗ ಹೊಸ ನೌಕರ. ಮೊದಲ ಬೋನಸ್ಸಿನಲ್ಲಿ ಒಂದು ಟೇಪ್‌ರೆಕಾರ್ಡರು ತಂದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಸೊಲ್ಲಾಪುರದ ಹೋಮ್ ಮೈದಾನದ ಸುತ್ತ ಕ್ಯಾಸೆಟ್ಟಿನ ಕೈಗಾಡಿಗಳು. ಒಂದು ಗಾಡಿಯಲ್ಲಿ ಮರಾಠಿ ಅಭಂಗ, ಪಕ್ಕದ್ದರಲ್ಲಿ ಕನ್ನಡ ವಚನ, ಡೊಳ್ಳಿನ ಪದ, ಭಜನೆ, ಗೀಗೀ ಪದ, ಸಂಗ್ಯಾ ಬಾಳ್ಯಾ. ಎರಡೂ ಒಟ್ಟಿಗೆ ಕೂಗುತ್ತಿದ್ದವು. ನಾವು ಎರಡನ್ನೂ ಕೊಳ್ಳುತ್ತಿದ್ದೆವು.

ಒಂದು ಮಾತನ್ನು ಮುಚ್ಚಿಡಬಾರದು. ಆಗ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಚೀಟಿಯ ಮೇಲೆ ಹಾಡಿನ ಹೆಸರು ಬರೆದುಕೊಟ್ಟರೆ ಸಂಜೆಗೆ ಖಾಲಿ ಕ್ಯಾಸೆಟ್ಟಿನಲ್ಲಿ ತುಂಬಿ ಕೊಡುತ್ತಿದ್ದರು. ನಾನೂ ತುಂಬಿಸಿದ್ದೇನೆ. ಹಾಡಿದವನಿಗೆ ಅದರಿಂದ ಒಂದು ಪೈಸೆಯೂ ಹೋಗುತ್ತಿರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ಬಂದದ್ದು ಈ ಕಳ್ಳಪ್ರತಿಗಳ ಹಾವಳಿಯಿಂದಲೇ. ಕ್ಯಾಸೆಟ್ಟಿನ ಮೇಲೆ ತಯಾರಕರ ಹೆಸರು, ವಿಳಾಸ, ವರ್ಷ ಇರಲೇಬೇಕು ಎಂದಾಯಿತು, ಶಿಕ್ಷೆ ಮೂರು ವರ್ಷದವರೆಗೆ ಏರಿತು. ಕಂಪನಿಗಳು ಇಂದು ಬೀಗ ಹಾಕುತ್ತವೆ ಎಂದು ಬೈಯುವಾಗ, ಬೀಗ ಹಾಕುವ ಹಾಗೆ ಮಾಡಿದ್ದರಲ್ಲಿ ನಮ್ಮ ಪಾಲೂ ಇದೆ ಎಂಬುದು ನೆನಪಿರಲಿ.

ವಿಡಿಯೋ ಬಂದದ್ದು 1982ರ ಏಶಿಯಾಡಿನ ಬಣ್ಣದ ಟಿ.ವಿ.ಯ ಬೆನ್ನಿಗೆ. ವಿಸಿಆರ್ ಕೊಳ್ಳುವ ತಾಕತ್ತು ಯಾರಿಗಿತ್ತು? ರಾತ್ರಿಗೆ ಬಾಡಿಗೆಗೆ ತರುತ್ತಿದ್ದೆವು. ಓಣಿಯವರೆಲ್ಲ ಪಟ್ಟಿ ಹಾಕಿ, ಟಿ.ವಿ., ವಿಸಿಆರ್, ಮೂರು ಕ್ಯಾಸೆಟ್ಟು ತಂದು ಬೆಳಗಾಗುವವರೆಗೆ ನೋಡುವುದು. ಬೆಳಿಗ್ಗೆ ಬ್ಯಾಂಕಿನಲ್ಲಿ ನಾನು ಜಮೆಯನ್ನು ಖರ್ಚಿಗೆ ಬರೆದು ಬೈಸಿಕೊಂಡದ್ದೂ ಉಂಟು. ಇರಲಿ. ವಿಡಿಯೋ ಲೈಬ್ರರಿಯವನು ಕ್ಯಾಸೆಟ್ಟನ್ನು ದುಡ್ಡು ಕೊಟ್ಟು ಕೊಂಡಿದ್ದರೂ ಬಾಡಿಗೆಗೆ ಕೊಡುವ ಹಕ್ಕು ಅವನದಲ್ಲ ಎಂಬುದು ಮಾತ್ರ ಆಮೇಲೆ ತಿಳಿಯಿತು. 1994ರ ತಿದ್ದುಪಡಿ ಅದನ್ನು ಸ್ಪಷ್ಟ ಮಾಡಿತು. ಅಮೆರಿಕದಲ್ಲಿ ನ್ಯಾಯವಾಗಿ ಕೊಂಡ ಡಿವಿಡಿಗಳನ್ನು ದಿಲ್ಲಿಯಲ್ಲಿ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದರ ವಿರುದ್ಧ 2009ರಲ್ಲಿ ದಿಲ್ಲಿ ಹೈಕೋರ್ಟು ತೀರ್ಪು ಕೊಟ್ಟದ್ದೂ ಇದೇ ಆಧಾರದ ಮೇಲೆ. ನೋಡಿ, ಒಡೆತನದೊಳಗೂ ಪದರಗಳಿವೆ. ನೋಡುವ ಹಕ್ಕು, ಮಾರುವ ಹಕ್ಕು, ಬಾಡಿಗೆಗೆ ಕೊಡುವ ಹಕ್ಕು, ಪ್ರತಿ ತೆಗೆಯುವ ಹಕ್ಕು. ಜಮೀನಿನಲ್ಲಿ ಮಾಲೀಕ, ಕುಳ, ಕೋರಿನವ ಬೇರೆ ಬೇರೆ ಇರುವ ಹಾಗೆ.

ಮುಂದೆ ಸಿ.ಡಿ. ಬಂತು. 2007ರ ಸುಮಾರಿಗೆ ಮೋಸರ್ ಬೇರ್ ಎಂಬ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿತು. ಕಳ್ಳಪ್ರತಿಗಿಂತ ಅಸಲಿಯೇ ಅಗ್ಗ. ನಮ್ಮಂಥ ಸಂಬಳದಾರರ ಮನೆಯಲ್ಲೂ ಸಿನಿಮಾದ ಕಪಾಟು ಆದದ್ದು ಆಗಲೇ. ನಾನೂ ನಲವತ್ತು ಚಿಲ್ಲರೆ ಕೊಂಡೆ. ಆ ಕಂಪನಿ ಸಾಲದಲ್ಲಿ ಮುಳುಗಿ 2018ರಲ್ಲಿ ವಿಸರ್ಜನೆಗೆ ಹೋಯಿತು. ಬ್ಯಾಂಕಿನವನಾಗಿ ಆ ಸುದ್ದಿಯನ್ನು ಬೇರೆ ದುಃಖದಿಂದ ಓದಿದೆ, ಅದು ಬೇರೆ ಮಾತು. ಕಂಪನಿ ಹೋಯಿತು, ನನ್ನ ಕಪಾಟಿನ ಸಿ.ಡಿ. ಹೋಗಲಿಲ್ಲ. ಮೊನ್ನೆಯೂ ಹಾಕಿ ನೋಡಿದೆವು, ಓಡಿತು.

ಅನಂತರದ್ದು ತಮಗೆಲ್ಲ ಗೊತ್ತಿರುವ ಕಥೆ. ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ ಹಾಡು ತುಂಬಿಸಿಕೊಂಡ ಕಾಲ ಒಂದಿತ್ತು. ಹಳೆಯ ಕ್ಯಾಸೆಟ್ಟಿನ ಅಂಗಡಿಯೇ ಉಗುರಿನಷ್ಟು ಚಿಕ್ಕದಾಗಿ ಮತ್ತೆ ಬಂದ ಹಾಗೆ. 2016ರ ಸಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ಟು ಅಗ್ಗವಾದ ಮೇಲೆ ತುಂಬಿಸಿಕೊಳ್ಳುವ ಜರೂರಿಯೇ ಉಳಿಯಲಿಲ್ಲ. ಎಲ್ಲವೂ ಅಲ್ಲೆಲ್ಲೋ ಇದೆ, ಕೇಳಿದಾಗ ಬರುತ್ತದೆ. ಮನೆಯ ಬಾವಿ ಮುಚ್ಚಿ ನಳದ ನೀರಿಗೆ ಬಿದ್ದೆವು. ನಳ ಬಂದಾಗ ಸುಖವೇ ಸುಖ. ಅದು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಸೊಲ್ಲಾಪುರದವರಿಗೆ ನಾನು ಹೇಳಬೇಕಾಗಿಲ್ಲ.

ಈ ನಳ ನಿಂತ ಪ್ರಸಂಗಗಳು ಈಗಾಗಲೇ ಸಾಕಷ್ಟಿವೆ. 2009ರಲ್ಲಿ ಅಮೆರಿಕದಲ್ಲಿ ಅಮೆಝಾನ್ ಕಂಪನಿ, ಮಾರಿದವನಿಗೆ ಹಕ್ಕಿರಲಿಲ್ಲವೆಂದು, ಜನ ಕೊಂಡ ಒಂದು ಪುಸ್ತಕವನ್ನು ಅವರ ಓದುವ ಯಂತ್ರದೊಳಗಿಂದಲೇ ಅಳಿಸಿತು. ಆ ಪುಸ್ತಕ ಯಾವುದು ಎಂದರೆ ಜಾರ್ಜ್ ಆರ್ವೆಲ್‌ರ ‘1984’. ಸರಕಾರ ಹಳೆಯ ಕಾಗದಗಳನ್ನು ಸುಟ್ಟು ಇತಿಹಾಸ ತಿದ್ದುವ ಕಥೆ ಅದು! 2019ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿ ಮುಚ್ಚಿದಾಗ ಎಲ್ಲರ ಪುಸ್ತಕಗಳೂ ಮಾಯವಾದವು. ಹಣ ಮಾತ್ರ ವಾಪಸು ಕೊಟ್ಟರು. ನಮ್ಮಲ್ಲೇ 2024ರಲ್ಲಿ ಏರ್‌ಟೆಲ್ಲಿನವರು ವಿಂಕ್ ಎಂಬ ಹಾಡಿನ ಸೇವೆಯನ್ನು ಮುಚ್ಚಿದರು. ಅದರೊಳಗೆ ಇಳಿಸಿಟ್ಟುಕೊಂಡ ಹಾಡು ಅದರೊಳಗೇ ಉಳಿದವು.

ಆಟದ ವಿಷಯದಲ್ಲಿ ಹುಡುಗರು ನಮಗಿಂತ ಮೊದಲೇ ಪೆಟ್ಟು ತಿಂದಿದ್ದಾರೆ. 1990ರ ದಶಕದಲ್ಲಿ ಟಿ.ವಿ.ಗೆ ಹಚ್ಚುವ ವಿಡಿಯೋ ಗೇಮು ಬಂದಾಗ ಹಳದಿ ಬಣ್ಣದ ಕ್ಯಾಸೆಟ್ಟು ಹಾಕಿ ಆಡುತ್ತಿದ್ದರು. ಕೆಟ್ಟರೆ ಊದಿ ಹಾಕುವುದು, ಬೇಸರವಾದರೆ ಗೆಳೆಯನ ಜೊತೆ ಅದಲುಬದಲು. 2020ರ ಸಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿ ಆಟವನ್ನು ನಿಷೇಧಿಸಿತು, ಅಕ್ಟೋಬರ್ ಕೊನೆಗೆ ಅದು ಪೂರ್ತಿ ನಿಂತಿತು. ನಿಷೇಧ ಸರಿಯೋ ತಪ್ಪೋ ಅದು ಈ ಭಾಷಣದ ವಿಷಯವಲ್ಲ. ಅನೇಕ ತಾಯಂದಿರು ಅಂದು ಸಕ್ಕರೆ ಹಂಚಿದರು. ಆದರೆ ಹುಡುಗರು ಜೇಬುಖರ್ಚಿನ ಹಣ ಹಾಕಿ ಕೊಂಡ ಅಂಗಿ, ಟೊಪ್ಪಿಗೆ, ಬಂದೂಕಿನ ಬಣ್ಣ ಎಲ್ಲ ಒಂದೇ ದಿನ ತೆರೆಯ ಹಿಂದೆ ಹೋದವು. 2021ರಲ್ಲಿ ಆಟ ಬೇರೆ ಹೆಸರಿನಲ್ಲಿ ಬಂತು, ಹಳೆಯ ಖಾತೆ ವರ್ಗಾವಣೆಗೆ ಅವಕಾಶ ಕೊಟ್ಟಿತು. 2022ರ ಜುಲೈನಲ್ಲಿ ಅದನ್ನೂ ಅಂಗಡಿಯಿಂದ ತೆಗೆದರು, 2023ರಲ್ಲಿ ಮತ್ತೆ ತಂದರು. ಈ ಹತ್ತುಇಳಿಯಲ್ಲಿ ಹುಡುಗರ ಮಾತು ಕೇಳಿದವರು ಯಾರೂ ಇಲ್ಲ.

ಹಾಗಾದರೆ ಕೈಯಲ್ಲಿ ತಟ್ಟೆ ಇದ್ದರೆ ಸಾಕೆ? ಅದೂ ಸಾಲದು. ಯುಬಿಸಾಫ್ಟ್ ಎಂಬ ಫ್ರಾನ್ಸಿನ ಕಂಪನಿ ‘ದಿ ಕ್ರೂ’ ಎಂಬ ಮೋಟಾರು ಓಡಿಸುವ ಆಟವನ್ನು 2014ರಲ್ಲಿ ಮಾರಿತು. 2024ರ ಮಾರ್ಚ್ 31ರಂದು ತನ್ನ ಕಡೆಯ ಯಂತ್ರಗಳನ್ನು ನಿಲ್ಲಿಸಿತು. ಅಂದಿನಿಂದ ಅಸಲಿ ಡಿಸ್ಕು ಕೈಯಲ್ಲಿದ್ದವನೂ ಆಡುವಂತಿಲ್ಲ. ಬೀಗ ಮನೆಯಲ್ಲಿದೆ, ಕೀಲಿಕೈ ಪ್ಯಾರಿಸಿನಲ್ಲಿ. ಇದರ ವಿರುದ್ಧ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಅರ್ಜಿ ಕೊಟ್ಟರು, 2025ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಬಂದಿದೆ. ಇದು ಬರೀ ಪರವಾನಗಿ ಎಂದು ತಿಳಿಯಹೇಳದೆ “ಕೊಳ್ಳಿ” ಎಂಬ ಗುಂಡಿ ಇಡುವಂತಿಲ್ಲ. ನನ್ನ 120 ರೂಪಾಯಿಗೆ ಅಂಥ ಕಾನೂನು ಇಲ್ಲಿರಲಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಸಂಗತಿ ಹೇಳಲೇಬೇಕು. 1980ರ ದಶಕದಲ್ಲಿ ಕಂಪನಿಗಳ ಶೇರು ಎಂದರೆ ಕಾಗದ. ಸಹಿ ತಾಳೆಯಾಗದೆ ವಾಪಸು ಬರುತ್ತಿದ್ದವು, ಟಪಾಲಿನಲ್ಲಿ ಕಳೆಯುತ್ತಿದ್ದವು, ಗೆದ್ದಲು ತಿನ್ನುತ್ತಿತ್ತು, ಖೋಟಾ ಕಾಗದಗಳೂ ಬರುತ್ತಿದ್ದವು. ಇವನ್ನು ಹಿಡಿದುಕೊಂಡು ಅಳುತ್ತಾ ಬಂದ ವಿಧವೆಯರನ್ನು ನಾನು ಕಂಡಿದ್ದೇನೆ. 1996ರಲ್ಲಿ ಡಿಪಾಸಿಟರಿ ಕಾಯಿದೆ ಬಂತು, ಕಾಗದ ಹೋಗಿ ಡೀಮ್ಯಾಟ್ ಖಾತೆ ಬಂತು. ಹಳಬರು ಹೆದರಿದರು. “ಕಾಗದನ ಇಲ್ಲಂದ್ರ ಶೇರು ನಂದು ಹ್ಯಾಂಗ ಸಾಹೇಬ್ರ?” ಎಂದು ಕೌಂಟರಿನಲ್ಲಿ ಕೇಳಿದವರು ಎಷ್ಟೋ ಜನ. ನಾನೂ ಒಳಗೊಳಗೇ ಹೆದರಿದ್ದೆ. ಆದರೆ ಏನಾಯಿತು? ಖಾತೆಯಲ್ಲಿರುವುದು ಬರೀ ಅಂಕಿ, ಆದರೂ ಅದು ನಿಮ್ಮದು. ಮಾರಬಹುದು, ಮಗನಿಗೆ ಕೊಡಬಹುದು, ಅಡವಿಡಬಹುದು, ನಾಮಿನಿ ಬರೆಯಬಹುದು. ಖಾತೆ ತೆರೆದುಕೊಟ್ಟ ದಲಾಲ ಅಂಗಡಿ ಮುಚ್ಚಿದರೂ ಶೇರು ನಿಮ್ಮ ಹೆಸರಿನಲ್ಲೇ ನಿಲ್ಲುತ್ತದೆ. ನಮ್ಮ ಸಾತ್‌ಬಾರಾ ಉತಾರೆಯೂ ಈಗ ಕಂಪ್ಯೂಟರಿನಿಂದ ಬರುತ್ತದೆ. ಹೊಲವೇನೂ ಗಾಳಿಗೆ ಹೋಗಿಲ್ಲವಲ್ಲ!

ಬ್ಯಾಂಕಿನ ಠೇವಣಿಯೂ ಹೀಗೆಯೇ. ನೀವು ಕೊಟ್ಟ ನೋಟು ನಿಮಗಾಗಿ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಕಾನೂನಿನ ಪ್ರಕಾರ ಬ್ಯಾಂಕು ನಿಮಗೆ ಸಾಲಗಾರ, ಪಾಸ್‌ಬುಕ್ಕು ಆ ಸಾಲದ ಗುರುತು. ಆದರೂ ಅದು ವಾರಸುದಾರರಿಗೆ ಹೋಗುತ್ತದೆ, ಬ್ಯಾಂಕು ಮುಳುಗಿದರೂ 2020ರಿಂದ 5 ಲಕ್ಷದವರೆಗೆ ವಿಮೆ ಇದೆ.

ಆದ್ದರಿಂದ ನನ್ನ ತಕರಾರು ಕಾಗದ ಹೋಗಿ ಅಂಕಿ ಬಂದದ್ದಕ್ಕಲ್ಲ. ಪ್ಲೇಟು ಹೋಗಿ ಮೊಬೈಲು ಬಂದದ್ದಕ್ಕೂ ಅಲ್ಲ. ಶೇರಿನ ಕಾಗದ ಹೋದಾಗ ಸರಕಾರ ಒಂದು ಕಾಯಿದೆ ಮಾಡಿ ಹಕ್ಕನ್ನು ಜೋಪಾನವಾಗಿ ಅಂಕಿಯೊಳಗೆ ದಾಟಿಸಿತು. ಸಿನಿಮಾದ ಡಬ್ಬಿ ಹೋದಾಗ ಹಾಗೆ ಯಾರೂ ಮಾಡಲಿಲ್ಲ. ವಸ್ತುವಿನ ಜೊತೆಗೆ ಹಕ್ಕೂ ಹೋಯಿತು, ಬೆಲೆ ಮಾತ್ರ ಉಳಿಯಿತು. ನಾನು ಸತ್ತರೆ ನನ್ನ ನಲವತ್ತು ವಿಸಿಡಿ ಮಗಳಿಗೆ ಹೋಗುತ್ತವೆ, ಬೇಕಾದರೆ ರದ್ದಿಗೆ ಹಾಕಲಿ. ಮೊಬೈಲಿನಲ್ಲಿ ಕೊಂಡದ್ದಕ್ಕೆ ನಾಮಿನಿಯ ಕಾಲಮ್ಮನ್ನು ನಾನು ಎಲ್ಲಿಯೂ ಕಾಣಲಿಲ್ಲ.

ಇದಕ್ಕೆ ಮನೆಯವರ ಉತ್ತರವನ್ನೂ ಹೇಳದಿದ್ದರೆ ಅನ್ಯಾಯ. “ಆ ಕಪಾಟಿನ ಧೂಳಾ ಯಾರ ಝಾಡಸ್ತಾರ? ಹಾಕಲಿಕ್ಕೆ ಮಷೀನರ ಎಲ್ಲದ?” ಎನ್ನುತ್ತಾರೆ. ಮಾತು ಖರೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈಬಿಟ್ಟಿತು. ನಮ್ಮ ಮನೆಯ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಸೊಸೆಯ ಮುಖ ಯಾವುದು, ಬೀಗಿತಿಯ ಮುಖ ಯಾವುದು ತಿಳಿಯದ ಹಾಗಾಗಿದೆ. ಮೊಬೈಲಿನಿಂದಾಗಿ ಅವರು ಹುಡುಗಿಯಾಗಿದ್ದಾಗ ಒಮ್ಮೆ ಕೇಳಿ ಮತ್ತೆ ಎಂದೂ ಕೇಳದಿದ್ದ ಹಾಡನ್ನು ನಲವತ್ತೈದು ವರ್ಷದ ನಂತರ ಕೇಳಿದರು. ಯಾವ ಕಪಾಟೂ ಆ ಸುಖ ಕೊಟ್ಟಿರಲಿಲ್ಲ. ಒಪ್ಪುತ್ತೇನೆ.

ಆದರೆ ಎಲ್ಲವೂ ಮೊಬೈಲಿನಲ್ಲಿಲ್ಲ. ಹೋಮ್ ಮೈದಾನದಲ್ಲಿ ಕೊಂಡ ನಮ್ಮ ಡೊಳ್ಳಿನ ಪದಗಳಲ್ಲಿ ಹಲವನ್ನು ನಾನು ಹುಡುಕಿ ನೋಡಿದೆ, ಸಿಗಲಿಲ್ಲ. ಸಣ್ಣ ಊರಿನ ಸಣ್ಣ ತಯಾರಕರು ತಂದ ಕ್ಯಾಸೆಟ್ಟುಗಳು ಅವು. ದೊಡ್ಡ ಕಂಪನಿಗಳಿಗೆ ಅವುಗಳ ಹಂಗಿಲ್ಲ. ಮಹಾರಾಷ್ಟ್ರದವರಿಗೆ ಕನ್ನಡವೆಂದು ದೂರ, ಬೆಂಗಳೂರಿನವರಿಗೆ ನಮ್ಮ ಮಾತು ದೂರ. ಅವು ಇರುವುದು ಮೈಂದರ್ಗಿ, ದುಧನಿ, ಕರಜಗಿ, ವಾಗದರಿ ಇಂಥ ಊರುಗಳ ಮನೆಯ ಮಾಡುಗಳಲ್ಲಿ ಮಾತ್ರ. ‘ಸತಿ ಸುಲೋಚನ’ದ ರೀಲು 1934ರಲ್ಲಿ ಇದ್ದಷ್ಟೇ ಭದ್ರವಾಗಿವೆ.

ನಮ್ಮ ಮನೆಯಲ್ಲೂ ಅಂಥದೊಂದಿದೆ. 1986ರಲ್ಲಿ ನನ್ನ ತಂಗಿಯ ಮದುವೆಯ ಮುಂಚೆ ಅವ್ವ ಬೀಸುಕಲ್ಲಿನ ಮುಂದೆ ಕೂತು ಅರಿಶಿನ ಬೀಸುವಾಗ ಹಾಡಿದ್ದನ್ನು ಖಾಲಿ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆ. ಕನ್ನಡ ತ್ರಿಪದಿ ಮುಗಿಯುವಷ್ಟರಲ್ಲಿ ಮರಾಠಿ ಓವಿ, ಓವಿ ಮುಗಿಯುವಷ್ಟರಲ್ಲಿ ಮತ್ತೆ ಕನ್ನಡ. ಅವಳಿಗೆ ನಡುವೆ ಗಡಿಯೇ ಇರಲಿಲ್ಲ. ಹೊಸ ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪ್ಲಾಸ್ಟಿಕ್ ಹಲ್ಲು ಇರುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಅವನ್ನು ಮುರಿದರೆ ಮತ್ತೆ ಅದರ ಮೇಲೆ ಏನೂ ತುಂಬಲು ಬರುವುದಿಲ್ಲ. ನಾನು ಜಾಗ್ರತೆಯಿಂದ ಎರಡೂ ಮುರಿದಿದ್ದೆ. 1996ರ ವಿಶ್ವಕಪ್ಪಿನಲ್ಲಿ ನಮ್ಮ ಅಣ್ಣನ ಮಗ ಆ ತೂತಿಗೆ ಕಾಗದದ ಉಂಡೆ ತುರುಕಿ ಅದರ ಮೇಲೆ ರೇಡಿಯೋದ ಕ್ರಿಕೆಟ್ ವಿವರಣೆ ತುಂಬಿದ. ಅವ್ವನ ಹಾಡು ಈಗ ಉಳಿದಿರುವುದು ಹನ್ನೊಂದು ನಿಮಿಷ. ಅವಳು ಹೋಗಿ ಇಪ್ಪತ್ತು ವರ್ಷ.

ಹೋದ ದೀಪಾವಳಿಗೆ ಮೊಮ್ಮಗ ಬಂದಾಗ ಹಳೆಯ ಟೇಪ್‌ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿಸಿ, ತಂತಿ ಜೋಡಿಸಿ, ಆ ಹನ್ನೊಂದು ನಿಮಿಷವನ್ನು ಕಂಪ್ಯೂಟರಿಗೆ ಇಳಿಸಿದ. ಒಂದು ಪೆನ್‌ಡ್ರೈವು ನನಗೆ, ಒಂದು ಪುಣೆಗೆ, ಒಂದು ತಂಗಿಯ ಮನೆಗೆ ಇಂಡಿಗೆ. ಇಳಿಸಿ ಮುಗಿದ ಮೇಲೆ ಕೇಳಿದ:

“ಮುತ್ಯಾ, ಫೈಲಿಗೆ ಯಾರ ಹೆಸರ ಹಾಕಲಿ? ಓನರ್ ಅಂತ ಕೇಳ್ಲಿಕತ್ತದ.”

ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಹಾಡಿದವಳು ಅವ್ವ. ಅವಳಿಗೆ ಕಲಿಸಿದವಳು ಅವಳ ಅತ್ತೆ. ಅತ್ತೆಗೆ ಯಾರು ಕಲಿಸಿದರೋ! ಕ್ಯಾಸೆಟ್ಟು ಮಾತ್ರ ನಾನು ಹದಿನೆಂಟು ರೂಪಾಯಿ ಕೊಟ್ಟು ಕೊಂಡದ್ದು.

“ಆ ಕಾಲಮ್ ಖಾಲಿ ಬಿಡಪಾ,” ಅಂದೆ. “ಇನ್ನೊಂದ್ ಎರಡು ಕಾಪಿ ತಗಿ.”